ಥರ್ಮಾಮೀಟರಿನ ನೀಲಿ ಕಲೆ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸ್ಟೀಮ್ ಅಕ್ಕ ಅಂತಲೇ ಕರೆಯುತ್ತಿದ್ದರು. ಆಪರೇಷನ್ ಥಿಯೇಟರಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕತ್ತರಿ, ಇಕ್ಕಳ, ಬಟ್ಟಲುಗಳನ್ನು ತೊಳೆದು, ಟ್ರೇಗಳಲ್ಲಿ ಜೋಡಿಸಿ, ಬಟ್ಟೆ ಸುತ್ತಿ, ಆವಿಯ ಯಂತ್ರಕ್ಕೆ ತಳ್ಳಿದವಳು. ಆ ಸೆಕೆಗೆ ಹೊಸಬರು ಎರಡು ತಿಂಗಳು ನಿಲ್ಲುತ್ತಿರಲಿಲ್ಲ. ಇವಳು ನಿಂತಳು. ನಿವೃತ್ತಿಯ ದಿನ ದೊಡ್ಡ ಡಾಕ್ಟರು ಎದ್ದು, "ಈಯಮ್ಮ ಕಳಿಸಿದ ಟ್ರೇಯನ್ನ ನಾವು ಒಂದೇ ಒಂದು ಸಲವೂ ವಾಪಸ್ ಕಳಿಸಿಲ್ಲ" ಅಂದರು. ಹೇಳಿ, ನಮ್ಮ ನಿಮ್ಮಂಥವರಲ್ಲಿ ಎಷ್ಟು ಜನಕ್ಕೆ ಅಂಥ ಮಾತು ಕೇಳಿಸಿಕೊಳ್ಳುವ ಯೋಗ ಬಂದೀತು?

ಆ ಕೋಣೆಗೆ ಅದರದೇ ಕಾನೂನು ಇತ್ತು. ಅವಳಿಗೆ ಕೆಲಸ ಕಲಿಸಿದ ಹಿರಿಯ ನರ್ಸಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಕತ್ತರಿಯ ಕೀಲು ಬಿಚ್ಚದೆ ತೊಳೆದರೆ ಬೆರಳ ಗೆಣ್ಣಿನ ಮೇಲೆ ಒಂದು ಬೀಳುತ್ತಿತ್ತು. "ಕೊಳೆ ಕಾಣೋ ಕಡೆ ಇರಲ್ಲ ಕಣೆ, ಕೀಲಲ್ಲಿರುತ್ತೆ" ಅನ್ನುತ್ತಿದ್ದಳು. ಟ್ರೇಗೆ ಕೈ ತಾಗಿತೋ ಇಲ್ಲವೋ ಅಂತ ಅನುಮಾನ ಬಂದರೆ ಸಾಕು, ಅದು ಕೊಳಕು ಟ್ರೇ. ತಾಗಿಲ್ಲ ಅಂತ ವಾದ ಮಾಡುವ ಹಾಗಿಲ್ಲ, ಮೊದಲಿಂದ ತೊಳೆಯಬೇಕು. ಇನ್ನು ಒಂದು ಟ್ರೇ ಸರಿಯಾಗಿ ಬೆಂದಿಲ್ಲ ಅಂತ ಗೊತ್ತಾಯಿತೋ, ಅದರ ಜೊತೆ ಯಂತ್ರದಲ್ಲಿದ್ದ ಇಡೀ ಲೋಡು ವಾಪಸ್. ಸ್ಟೀಮ್ ಅಕ್ಕನಿಗೆ ಇದೆಲ್ಲ ಎಷ್ಟು ಮೈಗೂಡಿತ್ತು ಅಂದರೆ, ಮನೆಯ ಅಡುಗೆ ಕತ್ತರಿಯ ಸ್ಕ್ರೂವನ್ನೂ ವಾರಕ್ಕೊಮ್ಮೆ ಬಿಚ್ಚಿ ತೊಳೆಯುತ್ತಿದ್ದಳು.

ಗಂಡ ಬಸ್ ಕಂಪನಿಯಲ್ಲಿ ಟಿಕೆಟ್ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿದ್ದವನು. ಬೀದಿಯವರ ಬಾಯಲ್ಲಿ ಬರೀ ಚೆಕಿಂಗ್. ಅವನಿಗೋ ಅದು ಬಿರುದು ಕೊಟ್ಟಷ್ಟು ಖುಷಿ. ಸ್ಟಾಪಿನಲ್ಲಿ ಬಸ್ ಹತ್ತುವ ಆಸಾಮಿಯೇ ಅಲ್ಲ. ತಿರುವಿನಲ್ಲಿ ಬಸ್ಸು ನಿಧಾನವಾದಾಗ ಬೆಕ್ಕಿನ ಹಾಗೆ ಹಿಂಬಾಗಿಲಿಗೆ ಹಾರುತ್ತಿದ್ದ. ಟಿಕೆಟ್ ಇಲ್ಲದವರನ್ನು ಹಿಡಿಯುವುದರಲ್ಲಿ ಎತ್ತಿದ ಕೈ. ಹಿಡಿದವರಿಂದ ಅಚ್ಚು ಹಾಕಿದ ಹಾಳೆಯ ಮೇಲೆ ಹೇಳಿಕೆ ಬರೆಸಿಕೊಳ್ಳಬೇಕಿತ್ತು. "ಈ ಕೆಳಗೆ ಸಹಿ ಮಾಡಿರುವ ನಾನು ಒಪ್ಪಿಕೊಳ್ಳುವುದೇನೆಂದರೆ" ಅಂತ ಶುರುವಾಗುವ ಹಾಳೆ. ಅಂಥದ್ದೊಂದು ಪ್ಯಾಡು ಮದುವೆಯಾದ ಹೊಸದರಲ್ಲೇ ಮನೆಗೂ ಬಂತು. ಮೊದಲ ಸಲ ಹಾಲು ಉಕ್ಕಿ ಒಲೆ ಮೇಲೆ ಹರಿದಾಗ ಚೆಕಿಂಗ್ ಮುಖ ಗಂಟಿಕ್ಕಿಕೊಂಡು ಪೆನ್ನು ಕೊಟ್ಟು, "ಬರಿ" ಅಂದ. ಅವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬರೆದು ಸಹಿ ಹಾಕಿದಳು. ಆಮೇಲೆ ಬೀಗದ ಕೈ ಕಳೆದಾಗ ಒಂದು ಹಾಳೆ. ನಲ್ಲಿ ನಿಲ್ಲಿಸದೆ ಮನೆಯೆಲ್ಲ ನೀರಾದಾಗ ಒಂದು. ನಗು ಯಾವ ಹಾಳೆಯ ಹೊತ್ತಿಗೆ ನಿಂತಿತು ಅಂತ ಅವಳಿಗೇ ನೆನಪಿಲ್ಲ. ಮೂವತ್ತನಾಲ್ಕು ವರ್ಷದ ಹಾಳೆಗಳು ಹಸಿರು ಫೈಲಿನಲ್ಲಿ ತಾರೀಕಿನ ಪ್ರಕಾರ ಕೂತಿದ್ದವು.

ಅದರಲ್ಲೊಂದು ತಮಾಷೆಯ ಹತ್ತಿರಕ್ಕೂ ಬರುವಂಥದ್ದಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಅವಳ ತಂಗಿ ಕೆಲಸ ಹುಡುಕಿಕೊಂಡು ಬಂದು ಇವರ ಮನೆಯಲ್ಲಿ ಮೂರು ವಾರ ಇದ್ದಳು. ಆಗಲೇ ಚೆಕಿಂಗ್‌ನ ವಾಚು ಕಾಣೆಯಾಯಿತು. ಎಲ್ಲರಿಗಿಂತ ಹೆಚ್ಚು ಕೇಸು ಹಿಡಿದದ್ದಕ್ಕೆ ಕಂಪನಿ ಕೊಟ್ಟ ವಾಚು. ಅವನು ನಾದಿನಿಯನ್ನು ಕಳ್ಳಿ ಅನ್ನಲಿಲ್ಲ. ಛೆ, ಅಷ್ಟು ದಡ್ಡನೇ! ಹೆಂಡತಿಯ ಮುಂದೆ ಪ್ಯಾಡು ಇಟ್ಟ. "ಆ ದಿನ ಮಧ್ಯಾಹ್ನ ನನ್ನ ತಂಗಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು ಡ್ಯೂಟಿಗೆ ಹೋದದ್ದು ನನ್ನ ತಪ್ಪು" ಅಂತ ಬರೆಸಿದ. ಬಿಟ್ಟು ಹೋಗಿದ್ದು ನಿಜ ತಾನೆ ಅಂತ ಅವಳೂ ಬರೆದಳು. ಮೇಜಿನ ಮೇಲಿದ್ದ ಆ ಹಾಳೆಯನ್ನು ತಂಗಿ ಓದಿದಳು. ಬಟ್ಟೆಗಳನ್ನು ಬ್ಯಾಗಿಗೆ ತುಂಬಿಕೊಂಡು ಬಾಗಿಲ ಹತ್ತಿರ ಬಂದು, ಭಾವನ ಮುಂದೆ ಬ್ಯಾಗಿನ ಬಾಯಿ ಅಗಲಿಸಿ ಹಿಡಿದು, "ನೋಡ್ಕೊಳ್ಳಿ" ಅಂದಳು. ಅವನು ನೋಡಿದ ಕಣ್ರೀ! ತಳದವರೆಗೂ ಕೈ ಆಡಿಸಿ ನೋಡಿದ. ಅವತ್ತಿಂದ ತಂಗಿ ಆ ಮನೆ ಮೆಟ್ಟಿಲು ಹತ್ತಿಲ್ಲ. ಇದೇ ಊರಿನ ಇನ್ನೊಂದು ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ತಾಯಿ ತೀರಿಕೊಂಡಾಗ ಅಕ್ಕ ಎದುರಿಗೆ ಬಂದರೂ ಮುಖ ತಿರುಗಿಸಿದಳು.

ಅದಿರಲಿ. ನಿವೃತ್ತನಾದ ಮೇಲೆ ಚೆಕಿಂಗ್‌ನ ಕಣ್ಣಿಗೆ ಕೆಲಸ ಬೇಕಲ್ಲ, ಅದೆಲ್ಲ ಮೀನಿನ ಟ್ಯಾಂಕಿನ ಮೇಲೆ ಬಿತ್ತು. ಮನೆಯ ಹಾಲ್‌ನಲ್ಲಿ ಗೋಡೆಯುದ್ದದ ಟ್ಯಾಂಕು, ಒಳಗೆ ಮೂರು ಗೋಲ್ಡ್ ಫಿಶ್. ಹನ್ನೊಂದು ವರ್ಷದ, ಅಂಗೈ ಅಗಲದ ಮೀನಿಗೆ ಡ್ರೈವರ್ ಅಂತ ಹೆಸರು. ಅದರ ಹಿಂದೆ ಸುತ್ತುವ ಎರಡು ಕಂಡಕ್ಟರುಗಳು. ಡ್ರೈವರ್ ಅವನ ಬೆರಳಿಂದಲೇ ತಿಂಡಿ ಕಿತ್ತು ತಿನ್ನುತ್ತಿತ್ತು. "ನನ್ನ ಗಂಡ ಈ ಭೂಮಿ ಮೇಲೆ ನಂಬಿರೋ ಜೀವ ಅದೊಂದೇ" ಅಂತ ಸ್ಟೀಮ್ ಅಕ್ಕ ಪಕ್ಕದ ಮನೆಯವರ ಹತ್ತಿರ ನಗಾಡುತ್ತಿದ್ದಳು.

ಅವಳಿಗೂ ನಿವೃತ್ತಿಯಾಯಿತು. ಮಕ್ಕಳಿಲ್ಲದ ಮನೆ; ಹೊತ್ತು ಹೋಗುವುದಿಲ್ಲ. ಒಂದು ದಿನ ಮೀನಿನ ಅಂಗಡಿಯ ಮುಂದೆ ಹಾದುಹೋಗುವಾಗ ಉಬ್ಬುಗಣ್ಣಿನ ಎರಡು ಪುಟ್ಟ ಕರಿ ಮೀನು ಕಂಡವು. ಎರಡೂ ಒಂದೇ ಮೂಲೆಗೆ ಮುಖ ಒತ್ತಿಕೊಂಡು ನಿಂತಿದ್ದವು. ಯಾಕೋ ಕರುಳು ಚುರುಕ್ ಅಂತು, ಕೊಂಡು ತಂದುಬಿಟ್ಟಳು. ಹುಟ್ಟಿದಾಗಿನಿಂದ ತನಗೇ ಅಂತ ಅವಳು ತಂದುಕೊಂಡ ಮೊದಲ ಜೀವ.

ಚೆಕಿಂಗ್ ಪ್ಲಾಸ್ಟಿಕ್ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದ. "ಹೊಸ ಮೀನು ಅಂದ್ರೆ ಟಿಕೆಟ್ ಇಲ್ಲದ ಪ್ಯಾಸೆಂಜರು. ನಲವತ್ತು ದಿನ ಕ್ವಾರಂಟೈನ್. ಆಮೇಲೆ ನೋಡೋಣ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ, ಅದನ್ನೂ ಹೇಳಿಬಿಡಬೇಕು. ಅಂಗಡಿ ನೀರಿನಿಂದ ಏನು ರೋಗ ಹೊತ್ತು ತಂದಿರುತ್ತವೋ ಯಾರಿಗೆ ಗೊತ್ತು? ಅಂಥವನ್ನು ನೇರವಾಗಿ ಹಳೆ ಮೀನುಗಳ ಜೊತೆ ಬಿಟ್ಟವರು ಎಲ್ಲವನ್ನೂ ಕಳೆದುಕೊಂಡಿದ್ದಾರೆ. ಸ್ಟೀಮ್ ಅಕ್ಕನಿಗಂತೂ ಆ ಮಾತು ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು. ಕೊನೆಗೂ ತನಗೆ ಗೊತ್ತಿರುವ ಕೆಲಸ! ಬಚ್ಚಲುಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಸಣ್ಣ ಟ್ಯಾಂಕು ಇಟ್ಟಳು. ಅದಕ್ಕೇ ಬೇರೆ ಬಕೆಟ್ಟು, ಬೇರೆ ಪೈಪು, ಬೇರೆ ಟವೆಲ್ಲು, ಬೇರೆ ಥರ್ಮಾಮೀಟರು. ಬಲೆಯ ಹಿಡಿಗೆ ಕೆಂಪು ದಾರ ಸುತ್ತಿದಳು. ಹಾಲಿನ ಬಲೆಗೆ ಬಿಳಿ ದಾರ. ಕೆಂಪು ದಾರದ್ದು ಬಚ್ಚಲ ಬಾಗಿಲು ದಾಟಿ ಬರುವ ಹಾಗಿಲ್ಲ, ಬಿಳಿಯದ್ದು ಒಳಗೆ ಹೋಗುವ ಹಾಗಿಲ್ಲ. ಹೊರಗೆ ಬರುವ ಮುಂಚೆ ಮೊಣಕೈವರೆಗೂ ಸೋಪು.

ನಾಲ್ಕನೇ ದಿನ ಕರಿ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಎದ್ದವು. ಚೆಕಿಂಗ್ ಬಾಗಿಲಲ್ಲೇ ನಿಂತು, "ನೋಡಿದ್ಯಾ? ನೋಡಿದ್ಯಾ?" ಅಂದ, ಟಿಕೆಟ್ ಇಲ್ಲದವನು ಸಿಕ್ಕಿಬಿದ್ದಷ್ಟೇ ಉತ್ಸಾಹದಲ್ಲಿ. ಅಂಗಡಿಯವನನ್ನು ಕೇಳಿ ಅವಳು ನೀಲಿ ಔಷಧ ತಂದಳು. ನೀರು ಶಾಯಿ ಕದಡಿದ ಹಾಗಾಯಿತು. ಉಪ್ಪು ಹಾಕಿದಳು, ಹೀಟರ್ ಇಟ್ಟಳು. "ಮೂವತ್ತು ಡಿಗ್ರಿ ಇರ್ಬೇಕು. ಅರ್ಧ ಕಮ್ಮಿ ಆದ್ರೂ ರೋಗ ಸಾಯಲ್ಲ" ಅಂದ ಚೆಕಿಂಗ್. ಅವಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ಮೂವತ್ತನ್ನು ಕಾದಳು. ಬೆಳಗ್ಗೆ ಹತ್ತಕ್ಕೆ ತರಕಾರಿಗೆ ಹೋಗಿ ಬರುವ ಮುಕ್ಕಾಲು ಗಂಟೆ ಬಿಟ್ಟರೆ ಉಳಿದ ಹೊತ್ತೆಲ್ಲ ಬಚ್ಚಲಲ್ಲೇ. ಹನ್ನೆರಡನೇ ದಿನಕ್ಕೆ ಒಂದು ಚುಕ್ಕೆಯೂ ಇರಲಿಲ್ಲ. ಎರಡು ಮೀನೂ ಮೂಲೆ ಬಿಟ್ಟು ಅವಳ ಬೆರಳಿನ ನೆರಳಿನ ಹಿಂದೆ ಓಡಾಡತೊಡಗಿದವು. ಆ ದಿನ ಅವಳು ಬಚ್ಚಲಲ್ಲಿ ಹಾಡು ಗುನುಗಿಕೊಂಡಳು ಅಂದರೆ ನಂಬಿ.

ಹದಿನಾಲ್ಕನೇ ದಿನ ಹಾಲಿನಲ್ಲಿ ಡ್ರೈವರ್ ಮೈಯನ್ನು ಕಲ್ಲಿಗೆ ಉಜ್ಜಿಕೊಳ್ಳುತ್ತಿತ್ತು. ರೆಕ್ಕೆಯ ಮೇಲೆ ಬಿಳಿ ಚುಕ್ಕೆ.

ಚೆಕಿಂಗ್‌ನ ಮುಖ ಬಿಳುಚಿಕೊಂಡಿತು. ಅವತ್ತು ಅವನು ಬಹಳ ಹೊತ್ತು ಬಚ್ಚಲಲ್ಲಿದ್ದ. ಹೊರಗೆ ಬಂದು, "ಟೂತ್‌ಪೇಸ್ಟ್ ಯಾಕೆ ಇಷ್ಟು ಬೇಗ ಖಾಲಿಯಾಗುತ್ತೆ ಈ ಮನೇಲಿ?" ಅಂತ ಅವಳ ಮೇಲೆ ರೇಗಿದ. ಮೀನಿನ ಸಂಕಟಕ್ಕೆ ಹೀಗಾಡುತ್ತಾನೆ ಅಂದುಕೊಂಡಳು ಅವಳು. ನೀಲಿ ಔಷಧ ಹಾಕೋಣ ಅಂದಳು. ಅವನು ಬಿಲ್‌ಕುಲ್ ಒಪ್ಪಲಿಲ್ಲ. ಮರಳು, ಕಲ್ಲು, ಗಾಜಿನ ಅಂಟು ಎಲ್ಲ ನೀಲಿಯಾಗುತ್ತೆ, ಉಪ್ಪು ಸಾಕು ಅಂದ. ಉಪ್ಪು ಸಾಕಾಗಲಿಲ್ಲ. ವಾರದೊಳಗೆ ಕಂಡಕ್ಟರುಗಳು ಒಂದರ ಹಿಂದೆ ಒಂದು ಹೋದವು. ಕೊನೆಗೆ ಡ್ರೈವರ್ ಮಗುಚಿಕೊಂಡು ತೇಲಿತು.

ಅದನ್ನು ಕಾಗದದಲ್ಲಿ ಸುತ್ತಿಟ್ಟು ಬಂದವನೇ ಮೇಜಿನ ಮೇಲೆ ಪ್ಯಾಡು ಇಟ್ಟು, ಎದುರಿನ ಕುರ್ಚಿ ತೋರಿಸಿದ.

"ಹತ್ತನೇ ದಿನ. ನೀನು ಬಚ್ಚಲ ಟ್ಯಾಂಕಲ್ಲಿ ಕೈ ಇಟ್ಟಿದ್ದೆ. ಫೋನು ಬಂತು. ಓಡಿ ಬಂದೆ. ಹೌದೋ ಅಲ್ವೋ?"

"ಹೌದು. ರಾಂಗ್ ನಂಬರು."

"ಫೋನಿಟ್ಟು ಈ ಟ್ಯಾಂಕಿನ ಲೈಟ್ ಹಾಕಿದೆ. ಮುಚ್ಚಳ ಮುಟ್ಟಿದೆ. ಮಧ್ಯ ಕೈ ತೊಳೆದಿದ್ಯಾ?"

"ತೊಳೆದಿರ್ತೀನಿ ಕಣ್ರೀ."

"ತೊಳೆದಿರ್ತೀನಿ ಬೇಡ. ತೊಳೆದೆ ಅಂತ ನೂರಕ್ಕೆ ನೂರು ಹೇಳು."

ಅವಳಿಗೆ ಸೋಪಿನ ನೊರೆ ನೆನಪಿತ್ತು, ಅದು ಹತ್ತನೇ ದಿನದ್ದೋ ಒಂಬತ್ತನೆಯದೋ ಗೊತ್ತಾಗುತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ "ತೊಳೆದಿದ್ದೆ ಹೋಗ್ರೀ" ಅಂತ ಜೋರು ಮಾಡಿ ಎದ್ದು ಹೋಗುತ್ತಿದ್ದರು. ಇವಳು ಹೇಗೆ ಹೋಗುತ್ತಾಳೆ? ಅನುಮಾನ ಬಂದ ಟ್ರೇ ಕೊಳಕು ಟ್ರೇ. ಇಪ್ಪತ್ತೆರಡು ವರ್ಷ ಬೇರೆಯವರಿಗೆ ಕಲಿಸಿದ್ದನ್ನು ತನಗೆ ಬೇಡ ಅನ್ನಲು ಅವಳಿಂದ ಆಗಲಿಲ್ಲ. ಪೆನ್ನು ತೆಗೆದುಕೊಂಡು, "ನನ್ನ ಕೈ ಶುದ್ಧವಿಲ್ಲದ ಕಾರಣ ಮೂರು ಮೀನುಗಳು ಸತ್ತಿರುತ್ತವೆ" ಅಂತ ಬರೆದು ಸಹಿ ಹಾಕಿದಳು.

"ಆ ಕರಿ ಮೀನು ಇನ್ನು ಈ ಮನೇಲಿ ಇರೋ ಹಾಗಿಲ್ಲ" ಅಂದ ಚೆಕಿಂಗ್.

ಗಾಜಿನ ಬಾಟಲಿಯಲ್ಲಿ ಅವೆರಡನ್ನೂ ಹಾಕಿಕೊಂಡು ಅಂಗಡಿಗೆ ಹೋದಳು. ಸುಳ್ಳು ಹೇಳಿ ಕೊಟ್ಟು ಬರಬಹುದಿತ್ತು. ಇವಳೋ, "ಬಿಳಿ ಚುಕ್ಕೆ ಬಂದಿತ್ತಪ್ಪ, ಈಗ ವಾಸಿಯಾಗಿದೆ, ಬೇರೆ ಇಡು" ಅಂದಳು. "ಕೊಡಿ ಅಕ್ಕಾ" ಅಂತ ಅಂಗಡಿಯವನು ಬಾಟಲಿ ಈಸಿಕೊಂಡು ಹಿಂಬಾಗಿಲಿಗೆ ಹೋದ. ಖಾಲಿ ಬಾಟಲಿ ತಂದು ಕೈಗಿತ್ತ. ಹಿಂದುಗಡೆ ಇದ್ದದ್ದು ಚರಂಡಿ. ಅವಳು ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿ, ಚೀಲದೊಳಗಿಟ್ಟುಕೊಂಡು ಮನೆಗೆ ಬಂದಳು.

ಎರಡು ತಿಂಗಳಾಯಿತು. ಬೀದಿಯಲ್ಲಿ ಎದುರಾದವರಿಗೆಲ್ಲ ಚೆಕಿಂಗ್, "ನಮ್ಮನೆಯೋಳ ಕೈಗುಣ" ಅಂತ ಮೀನಿನ ಕತೆ ಹೇಳಿ ಆಗಿತ್ತು. ಅವಳು ತರಕಾರಿ ಹೆಚ್ಚುವ ಮುಂಚೆ ಮೂರು ಸಲ ಕೈ ತೊಳೆಯತೊಡಗಿದ್ದಳು. ಆಸ್ಪತ್ರೆಯವರು ಹೊಸಬರಿಗೆ ಕೆಲಸ ಕಲಿಸಲು ವಾರಕ್ಕೆರಡು ದಿನ ಬನ್ನಿ ಅಂತ ಕರೆದಾಗ ಆಗೋದಿಲ್ಲ ಅಂದುಬಿಟ್ಟಳು. ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಅವಳ ಸಂಕಟ.

ಚೆಕಿಂಗ್‌ಗೆ ಹೊಸ ಮೀನು ತರುವ ಮನಸ್ಸಾಯಿತು. ಒಂದು ಬೆಳಗ್ಗೆ ಹಾಲಿನ ಟ್ಯಾಂಕು ಪೂರ್ತಿ ಖಾಲಿ ಮಾಡಿ, ಸಾಮಾನೆಲ್ಲ ಬುಟ್ಟಿಗೆ ಹಾಕಿ ಅಡುಗೆಮನೆಗೆ ತಂದಿಟ್ಟ. "ಕುದಿಸಿಕೊಡು. ಕುದಿಸೋದು ನಿನ್ನ ಕೆಲಸ ತಾನೆ."

ದೊಡ್ಡ ಪಾತ್ರೆಗೆ ನೀರಿಟ್ಟು ಅವಳು ಸಾಮಾನುಗಳನ್ನು ಕಿಟಕಿಯ ಬೆಳಕಿಗೆ ಸಾಲಾಗಿ ಜೋಡಿಸಿದಳು. ಬಲೆ, ಪೈಪು, ಕಲ್ಲು. ಗಾಜಿನ ಥರ್ಮಾಮೀಟರನ್ನು ಬಿಸಿನೀರಿಗೆ ಹಾಕುವ ಹಾಗಿಲ್ಲ, ಒಡೆದೀತು ಅಂತ ಪಕ್ಕಕ್ಕೆ ತೆಗೆದಳು. ಅದನ್ನು ಟ್ಯಾಂಕಿನ ಗಾಜಿಗೆ ಅಂಟಿಸುವ ಪುಟ್ಟ ರಬ್ಬರ್ ಬಟ್ಟಲು ಹೊರಗಿಂದ ಬೆಳ್ಳಗೆ ಹೊಳೆಯುತ್ತಿತ್ತು. ಅಭ್ಯಾಸಬಲ ನೋಡಿ, ಕತ್ತರಿಯ ಕೀಲು ಬಿಚ್ಚಿದ ಹಾಗೆ ಅವಳ ಬೆರಳು ತಾನಾಗಿಯೇ ಗಾಜಿನ ಕೊಳವೆಯಿಂದ ಆ ರಬ್ಬರನ್ನು ಎಳೆದು ಬಿಡಿಸಿತು.

ಒಳಗಡೆ ನೀಲಿ. ಕಡು ನೀಲಿ. ಅದರ ಅಂಚಿನ ಮಡಿಕೆಯಲ್ಲಿ ಗಟ್ಟಿಯಾದ ಬಿಳಿ ಹಿಟ್ಟು. ಮೂಗಿನ ಹತ್ತಿರ ಹಿಡಿದಳು. ಟೂತ್‌ಪೇಸ್ಟ್.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಹಾಲಿನ ಟ್ಯಾಂಕಿಗೆ ಒಂದು ತೊಟ್ಟು ನೀಲಿ ಔಷಧವೂ ಬಿದ್ದಿರಲಿಲ್ಲ. ಈ ಥರ್ಮಾಮೀಟರು ಬಚ್ಚಲ ಟ್ಯಾಂಕಿನಲ್ಲಿ ಮುಳುಗಿದೆ, ಒಂದು ಸಲ ಅಲ್ಲ, ರಬ್ಬರಿಗೆ ಬಣ್ಣ ಹಿಡಿಯುವಷ್ಟು ಸಲ. ಮುಳುಗಿ ಒದ್ದೆಯಾಗಿಯೇ ಡ್ರೈವರ್ ಇದ್ದ ನೀರಿಗೆ ವಾಪಸ್ ಹೋಗಿದೆ. ಆಮೇಲೆ ಯಾರೋ ಅದನ್ನು ಉಜ್ಜಿ ಉಜ್ಜಿ ತೊಳೆದಿದ್ದಾರೆ, ಕೀಲು ಬಿಚ್ಚಲು ಗೊತ್ತಿಲ್ಲದವರು. ಟೂತ್‌ಪೇಸ್ಟ್ ಖಾಲಿಯಾದ ದಿನ ಯಾವುದು ಅಂತ ಅವಳಿಗೆ ಚೆನ್ನಾಗಿ ನೆನಪಿತ್ತು. ಅವಳು ಹೇಳಿಕೆ ಬರೆದುಕೊಡುವುದಕ್ಕೆ ಒಂದು ವಾರ ಮುಂಚೆ.

ಸ್ಟೀಲ್ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ, ಮೇಲೆ ಥರ್ಮಾಮೀಟರನ್ನೂ ರಬ್ಬರನ್ನೂ ಇಟ್ಟು, ಪೇಪರ್ ಓದುತ್ತಿದ್ದ ಗಂಡನ ಮುಂದೆ ತಂದಿಟ್ಟಳು.

"ಏನಿದು?"

"ನೀವೇ ಹೇಳಿ. ಹಿಡಿಯೋದ್ರಲ್ಲಿ ನೀವು ಜಾಣರಲ್ವಾ."

ಅವನು ನೋಡಿದ. "ನೀನು ಮೂವತ್ತು ಡಿಗ್ರಿ ಇಟ್ಟಿದ್ದೀಯೋ ಇಲ್ವೋ ಅಂತ ನೋಡ್ಬೇಕಿತ್ತು. ಚೆಕ್ ಮಾಡೋದು ತಪ್ಪಾ?"

"ಅಲ್ಲೇ ಒಂದು ಥರ್ಮಾಮೀಟರ್ ಇತ್ತಲ್ರೀ."

"ಅದು ನೀನಿಟ್ಟಿದ್ದು."

"ಯಾವಾಗ ನೋಡ್ತಿದ್ರಿ?"

"ನೀನು ತರಕಾರಿಗೆ ಹೋದಾಗ."

"ದಿನಾನಾ?"

"ಹೂಂ."

"ಎಷ್ಟಿರ್ತಿತ್ತು?"

"ಮೂವತ್ತು" ಅಂದ ಚೆಕಿಂಗ್, ಪೇಪರ್ ಮಡಚುತ್ತಾ. "ದಿನಾ ಮೂವತ್ತೇ ಇರ್ತಿತ್ತು."

ಅವಳು ಪ್ಯಾಡು ತಂದು ಅವನ ಮುಂದಿಟ್ಟು ಪೆನ್ನು ಚಾಚಿದಳು. "ಬರೀರಿ."

"ಚೆಕ್ ಮಾಡೋಕೆ ಬಸ್ ಹತ್ತಿದವನನ್ನೇ ಟಿಕೆಟ್ ಕೇಳ್ತಾರೇನೇ?" ಅಂತ ನಗಲು ನೋಡಿದ. ಅವಳು ಪೆನ್ನು ಹಿಡಿದ ಕೈ ಇಳಿಸಲಿಲ್ಲ. ಕೊನೆಗೆ ಕಿತ್ತುಕೊಂಡು ಸರಸರ ಬರೆದು, ಸಹಿ ಗೀಚಿ ತಳ್ಳಿದ. "ಈ ಕೆಳಗೆ ಸಹಿ ಮಾಡಿರುವ ನಾನು ಒಪ್ಪಿಕೊಳ್ಳುವುದೇನೆಂದರೆ, ಥರ್ಮಾಮೀಟರಿನ ರಬ್ಬರಿನಲ್ಲಿ ನೀಲಿ ಬಣ್ಣ ಕಂಡುಬಂದಿರುತ್ತದೆ. ಕಾರಣ ತಿಳಿದುಬಂದಿರುವುದಿಲ್ಲ."

ಕಾರಣ ತಿಳಿದುಬಂದಿರುವುದಿಲ್ಲವಂತೆ! ಅವಳು ಅದನ್ನು ಎರಡು ಸಲ ಓದಿದಳು. ಕೂಗಾಡಲಿಲ್ಲ. ಬೀರು ತೆಗೆದು ಹಸಿರು ಫೈಲು ತಂದು, ಹಾಳೆ ಹಾಳೆಯಾಗಿ ತಿರುವತೊಡಗಿದಳು.

"ಅದನ್ಯಾಕೆ ತೆಗೆದೆ?"

"ಒಂದು ಟ್ರೇ ಕೆಟ್ಟಿದೆ. ಇಡೀ ಲೋಡ್ ವಾಪಸ್" ಅಂದಳು. ಬೀಗದ ಕೈ, ನಲ್ಲಿ, ಇಸ್ತ್ರಿಯಲ್ಲಿ ಸುಟ್ಟ ಅಂಗಿ. ಒಂದೊಂದರ ಕೆಳಗೂ ಅವಳ ಸಹಿ. ನಡುವಿನಲ್ಲಿ ಆ ಹಾಳೆ ಬಂದಾಗ ಕೈ ನಿಂತಿತು. ಹತ್ತೊಂಬತ್ತು ವರ್ಷಕ್ಕೆ ಅಂಚು ಹಳದಿಯಾಗಿತ್ತು.

"ವಾಚು ಎಲ್ಲಿ ಸಿಕ್ತು?"

ಸಿಕ್ಕಿತಾ ಅಂತ ಕೇಳಲಿಲ್ಲ. ಎಲ್ಲಿ ಸಿಕ್ಕಿತು ಅಂತ ಕೇಳಿದಳು. ಮೂವತ್ತನಾಲ್ಕು ವರ್ಷ ಅವನು ಕೇಳುತ್ತಿದ್ದ ರೀತಿಯೇ ಅದು. ಅವನು ಖಾಲಿ ಟ್ಯಾಂಕಿನ ಕಡೆ ನೋಡಿದ.

"ಹಳೇ ಯೂನಿಫಾರಂ ಕೋಟಿನ ಒಳಜೇಬಲ್ಲಿ."

"ಯಾವಾಗ?"

"ಅದೇ ತಿಂಗಳು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಅಷ್ಟೊತ್ತಿಗೆ ಬರೆದಾಗಿತ್ತಲ್ಲ" ಅಂದ ಚೆಕಿಂಗ್.

ಅವಳು ಎದ್ದಳು. ಮೇಜಿನ ಮೇಲಿದ್ದ ಕಾಗದವನ್ನೆಲ್ಲ ಬಾಚಿಕೊಂಡು ಅಡುಗೆಮನೆಗೆ ನಡೆದು, ಕೊತಕೊತ ಕುದಿಯುತ್ತಿದ್ದ ಪಾತ್ರೆಯೊಳಗೆ ಹಾಕಿ, ಸೌಟಿನಿಂದ ಕೆಳಗೆ ಒತ್ತಿದಳು. ಶಾಯಿ ಬಿಟ್ಟು ನೀರು ಬಣ್ಣಕ್ಕೆ ತಿರುಗಿತು. ಚೆಕಿಂಗ್ ಓಡಿ ಬಂದ. "ಏ, ಏ! ಅದು ರೆಕಾರ್ಡು! ಇದಕ್ಕೂ ಹೇಳಿಕೆ ಬರ್ಕೊಡ್ಬೇಕಾಗುತ್ತೆ, ನೆನಪಿರ್ಲಿ!"

"ಪ್ಯಾಡೂ ಒಳಗೇ ಇದೆ" ಅಂದಳು ಅವಳು, ಇನ್ನೊಂದು ಸಲ ಒತ್ತುತ್ತಾ.

ಒಲೆ ಸಣ್ಣಗೆ ಮಾಡಿ, ಕೈ ತೊಳೆದುಕೊಂಡು, ಹಾಲಿಗೆ ಬಂದು ಫೋನು ಎತ್ತಿದಳು. ತಂಗಿಯ ಅಂಗಡಿಯ ನಂಬರು ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟು ಆರು ವರ್ಷವಾಗಿತ್ತು, ಒಂದು ಸಲವೂ ಒತ್ತಿರಲಿಲ್ಲ. ಇವತ್ತು ಎದೆ ಹಗುರವಾಗಿತ್ತು. ಹೇಳಲು ಒಳ್ಳೆಯ ಸುದ್ದಿ ಇತ್ತಲ್ಲ. ಆ ಕಡೆ ಹೊಲಿಗೆ ಮಿಷನ್ನಿನ ಸದ್ದಿನ ನಡುವೆ ತಂಗಿ "ಹಲೋ" ಅಂದಳು.

"ನಾನು ಕಣೆ. ಅಕ್ಕ."

ಮಿಷನ್ನು ನಿಂತಿತು. "ಹೇಳು."

"ವಾಚು ಸಿಕ್ಕಿತ್ತಂತೆ ಕಣೆ. ಅವರ ಕೋಟಲ್ಲೇ ಇತ್ತಂತೆ. ಇವತ್ತು ಗೊತ್ತಾಯ್ತು. ನೀನು ತೆಗೆದಿರಲಿಲ್ಲ ಕಣೆ."

"ನಾನು ತೆಗೆದಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತಲ್ಲಕ್ಕಾ" ಅಂದಳು ತಂಗಿ. "ನಿನಗೆ ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತಾ?"

"ನಿಮ್ಮ ಭಾವ ಬರೆಸಿಬಿಟ್ರು ಕಣೆ. ನನ್ನ ತಲೆ ಮೇಲೆ ಗೂಬೆ ಕೂರಿಸಿ—"

"ಭಾವನ ಮಾತು ಬಿಡು. ಅವರು ಯಾರನ್ನ ನಂಬ್ತಾರೆ? ಅವರ ಮೇಲೆ ನಂಗೆ ಯಾವತ್ತೂ ಬೇಜಾರಿಲ್ಲ." ತಂಗಿಯ ದನಿಯಲ್ಲಿ ಕೋಪವೂ ಇರಲಿಲ್ಲ. "ಆ ಹಾಳೇಲಿ ಇದ್ದಿದ್ದು ನಿನ್ನ ಅಕ್ಷರ ಅಕ್ಕಾ."

ಮಿಷನ್ನು ಮತ್ತೆ ಓಡತೊಡಗಿತು. ತಂಗಿ ಫೋನು ಇಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದು ಟ್ರೇಯೂ ವಾಪಸ್ ಬರದವಳು ಫೋನು ಹಿಡಿದೇ ನಿಂತಿದ್ದಳು.